ತಾಯಿಮರಗಳ ಕಡತ ಹುಡುಕಿದ ವಾರ

ನನ್ನ ಹಳೆಯ ಡೈರಿಗಳಲ್ಲಿ ಪ್ರತಿ ಪುಟಕ್ಕೂ ಒಂದೇ ಕ್ರಮ. ಮೇಲೆ ತಾರೀಖು, ಅದರ ಕೆಳಗೆ ಬಸ್ಸು ಸಿಕ್ಕಿದ ಹೊತ್ತು, ಕರೆಂಟು ಹೋದ ಹೊತ್ತು, ಬಂದ ಹೊತ್ತು. ಬಲಗಡೆಯ ಅಂಚಿನಲ್ಲಿ ಆ ದಿನ ಕಂಪ್ಯೂಟರಿನಲ್ಲಿ ಬಳಸಿದ ಕಮಾಂಡುಗಳು, ಒಂದೊಂದರ ಮುಂದೂ ಎಷ್ಟು ಸಲ ಎಂಬುದಕ್ಕೆ ಗೀಟು; ನಾಲ್ಕು ನೆಟ್ಟಗೆ, ಐದನೆಯದು ಅಡ್ಡ. ದಸರೆ ಮುಗಿದ ಆ ಒಂದು ವಾರದ ಪುಟಗಳಲ್ಲಿ ಮಾತ್ರ ಗ್ರೆಪ್ ಎಂಬ ಕಮಾಂಡಿನ ಗೀಟುಗಳು ಅಂಚು ದಾಟಿ ಪುಟದ ನಡುವಿಗೆ ನುಗ್ಗಿವೆ. ಬುಧವಾರದ ಹೊತ್ತಿಗೆ ಎಣಿಸುವುದನ್ನೇ ಬಿಟ್ಟಿದ್ದೇನೆ. ಅಷ್ಟು ಖುಷಿಯಿಂದ ಕೆಲಸ ಮಾಡಿದ ವಾರಗಳು ನನ್ನ ಬದುಕಿನಲ್ಲಿ ಹೆಚ್ಚಿಲ್ಲ.

ಎಂಬತ್ತರ ದಶಕ ಮುಗಿಯುತ್ತಿದ್ದ ವರ್ಷಗಳು. ನಾನು ಬಿ.ಎಸ್ಸಿ. ಮುಗಿಸಿ, ಶೆಟ್ಟಿಕೆರೆ ಕಡೆಯ ನಮ್ಮ ಊರಿನಿಂದ ದಿನವೂ ತಿಪಟೂರಿಗೆ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಕೊಬ್ಬರಿ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ, ಒಂದು ಮಂಡಿಯ ಮಹಡಿಯ ಮೇಲೆ, ತೆಂಗಿನ ತಳಿ ಸುಧಾರಣೆಗೆಂದು ಒಂದು ಸಣ್ಣ ಕಚೇರಿ ತೆರೆದಿದ್ದರು. ಸುತ್ತಲಿನ ತಾಲ್ಲೂಕುಗಳ ತೋಟಗಳಲ್ಲಿ ಚೆನ್ನಾಗಿ ಕಾಯಿ ಬಿಡುವ ಮರಗಳ ಲೆಕ್ಕ ತೆಗೆದುಕೊಂಡು, ಅವುಗಳಲ್ಲಿ ಉತ್ತಮವಾದವನ್ನು ತಾಯಿಮರ ಎಂದು ಆರಿಸುವುದು, ಆ ಮರಗಳ ಕಾಯಿಂದ ಮಾತ್ರ ಸಸಿ ಮಾಡಿಸುವುದು ಕಚೇರಿಯ ಕೆಲಸ. ಅದಕ್ಕೆಂದು ಒಂದು ಯುನಿಕ್ಸ್ ಯಂತ್ರ, ಎರಡು ಟರ್ಮಿನಲ್, ಕಿರುಚುತ್ತಾ ಅಚ್ಚು ಹಾಕುವ ಒಂದು ಪ್ರಿಂಟರ್ ಬಂದಿದ್ದವು. ಯಂತ್ರವನ್ನು ನೋಡಿಕೊಳ್ಳುವ ತಾತ್ಕಾಲಿಕ ಕೆಲಸ ನನ್ನದು. ಮರಗಳ ವಿವರವನ್ನು ಅದಕ್ಕೆ ಟೈಪು ಮಾಡಿ ತುಂಬಿಸುವ ತಾತ್ಕಾಲಿಕ ಕೆಲಸ ನನ್ನ ಗೆಳತಿಯದು.

ಗೆಳತಿ ತಿಪಟೂರಿನವಳೇ, ದರ್ಜಿಯ ಮಗಳು. ಟೈಪಿಂಗ್ ಕಲಿತು ಮೊದಲ ದರ್ಜೆಯಲ್ಲಿ ಪಾಸಾಗಿದ್ದಳು. ಅದಕ್ಕೆ ಮೊದಲು ಮನೆಯಲ್ಲಿ ಕೂತು ಅಪ್ಪ ಹೊಲಿದ ಅಂಗಿಗಳಿಗೆ ಕಾಜಾ ಹಾಕಿ ಗುಂಡಿ ಕಟ್ಟುತ್ತಿದ್ದಳಂತೆ. "ಕಾಜಾ ಹಾಕಿ ಹಾಕಿ ಬೆರಳು ತೂತಾಗಿತ್ತು ಕಣೇ, ಈಗ ನೋಡು, ಬೆರಳಿಗೆ ಸಂಬಳ" ಎನ್ನುತ್ತಿದ್ದಳು.

ಯಂತ್ರ ಕೂಡಿಸಿದ ಎಂಜಿನಿಯರು ಬೆಂಗಳೂರಿಗೆ ವಾಪಸ್ ಹೋಗುವಾಗ ದಪ್ಪನೆಯ ಒಂದು ಕೈಪಿಡಿ ಬಿಟ್ಟು ಹೋಗಿದ್ದರು. ಕರೆಂಟು ಇಲ್ಲದ ಹೊತ್ತಿನಲ್ಲಿ ಅದನ್ನು ನಾವಿಬ್ಬರೂ ಓದುತ್ತಿದ್ದೆವು, ಕರೆಂಟು ಬಂದ ತಕ್ಷಣ ಓದಿದ್ದನ್ನು ಮಾಡಿ ನೋಡುತ್ತಿದ್ದೆವು. ಸಾರ್ಟ್ ಎಂದರೆ ಸಾಲುಗಳನ್ನು ಕ್ರಮವಾಗಿ ಜೋಡಿಸುತ್ತದೆ. ಮೊದಲ ದಿನ ಮರಗಳನ್ನು ಹೆಚ್ಚು ಕಾಯಿಯದು ಮೇಲೆ ಬರುವಂತೆ ಜೋಡಿಸಲು ಹೇಳಿದರೆ ತೊಂಬತ್ತೆಂಟು ಕಾಯಿಯ ಮರ ನೂರಿಪ್ಪತ್ತು ಕಾಯಿಯ ಮರಕ್ಕಿಂತ ಮೇಲೆ ಬಂದು ಕೂತಿತು. ಅದು ಅಂಕಿಯನ್ನು ಅಕ್ಷರದ ಹಾಗೆ ಓದುತ್ತಿತ್ತು. ಒಂದಕ್ಕಿಂತ ಒಂಬತ್ತು ದೊಡ್ಡದು, ಮುಂದಿನದರ ಗೊಡವೆಯೇ ಇಲ್ಲ. ಮುಂದೆ -n ಎಂದು ಸೇರಿಸಿದಾಗ ಅಂಕಿ ಅಂಕಿಯಾಯಿತು. ಆ ಸಂಜೆ ಬಸ್ಸಿನಲ್ಲಿ ಪಕ್ಕದ ಹೆಂಗಸಿಗೆ ಇದನ್ನು ವಿವರಿಸಿದ್ದೇನೆ ಎಂದು ಡೈರಿಯಲ್ಲಿದೆ. ಆಕೆ ಏನೆಂದರು ಎಂಬುದು ಇಲ್ಲ.

ಒಂದು ಕಮಾಂಡಿನ ಉತ್ತರವನ್ನು ಇನ್ನೊಂದರ ಬಾಯಿಗೆ ಹಾಕುವ ಪೈಪ್ ಎಂಬ ನೆಟ್ಟನೆಯ ಗೆರೆ ಕಂಡ ದಿನವಂತೂ ನಾವು ಊಟದ ಡಬ್ಬಿ ಬಿಚ್ಚಲೇ ಇಲ್ಲ.

ಪ್ರತಿ ಊರಿಗೆ ಒಂದು ಕಡತ. ಊರಿನ ಹೆಸರೇ ಕಡತದ ಹೆಸರು, ಆದ್ದರಿಂದ ಒಳಗೆ ಮತ್ತೆ ಊರಿನ ಹೆಸರು ಬರೆಯುವ ಗೋಜಿಗೆ ಹೋಗಿರಲಿಲ್ಲ. ಒಳಗೆ ಮರಕ್ಕೊಂದು ಸಾಲು: ಸರ್ವೆ ನಂಬರು, ಮರದ ನಂಬರು, ವಯಸ್ಸು, ಗೊನೆ, ಕಾಯಿ, ಕೊನೆಗೆ 'ಗುರುತು'. ಗುರುತು ಎಂದರೆ ತೋಟದವರು ಆ ಮರವನ್ನು ಹೇಗೆ ಕರೆಯುತ್ತಾರೋ ಅದು. ಕೊಟ್ಟಿಗೆ ಹಿಂದಿನದು, ಬಾವಿ ಮೂಲೆಯದು, ಎಡಕ್ಕೆ ಬಾಗಿದ್ದು. ನಮ್ಮ ಸಾಹೇಬರಿಗೆ ಈ ಕೊನೆಯ ಕಾಲಮ್ಮು ಕಂಡರೆ ಆಗುತ್ತಿರಲಿಲ್ಲ. "ಅದನ್ನ ಬಿಟ್ಟು ಒತ್ತಮ್ಮ, ಬೇಗ ಮುಗಿಯುತ್ತೆ. ಮರ ಬಾಗಿದ್ರೆ ಸರ್ಕಾರಕ್ಕೇನು" ಎಂದಿದ್ದರು. ಗೆಳತಿ "ಸರಿ ಸಾರ್" ಎಂದು ತಲೆಯಾಡಿಸಿ, ಇಂಗ್ಲಿಷ್ ಅಕ್ಷರದಲ್ಲಿ ಅದನ್ನೂ ಒತ್ತುತ್ತಲೇ ಇದ್ದಳು. ಕೇಳಿದರೆ, "ಅದೊಂದೇ ಕಣೇ ಓದೋಕೆ ಚೆನ್ನಾಗಿರೋದು. ಬರೀ ನಂಬರ್ ಒತ್ತಿದ್ರೆ ನಿದ್ದೆ ಬರುತ್ತೆ" ಎಂದಳು.

ದಸರೆ ಮುಗಿದ ಮೊದಲ ಶುಕ್ರವಾರ ತಾಯಿಮರಗಳಿಗೆ ಬಿಳಿ ಪಟ್ಟಿ ಬಳಿಯುವ ತಂಡ ಜೀಪಿನಲ್ಲಿ ಹೊರಡಬೇಕಿತ್ತು. ಆರಿಸಿದ ಮರಗಳ ಹೆಸರುಪಟ್ಟಿ ಅಷ್ಟರಲ್ಲಿ ಸಿದ್ಧವಾಗದಿದ್ದರೆ ಯಂತ್ರವನ್ನು ಜಿಲ್ಲಾ ಕಚೇರಿಗೆ ಒಯ್ಯುತ್ತೇವೆ ಎಂದು ಮೇಲಿನವರು ಹೇಳಿದ್ದರು. ಅಲ್ಲಿ ಟೈಪು ಮಾಡುವವರು ಆಗಲೇ ಇದ್ದರು. ನನ್ನನ್ನು ತೋಟಗಳಿಗೆ ಹೋಗಿ ಮರ, ಕಾಯಿ ಎಣಿಸಿ ಬರೆದು ತರುವ ಎಣಿಕೆಯ ಕಡೆಗೆ ಹಾಕುವುದಾಗಿ ಸಾಹೇಬರು ಹೇಳಿದ್ದರು. ಗೆಳತಿಗೆ ಮಾತ್ರ ಹಾಗೆ ಹೋಗಲು ಜಾಗವಿರಲಿಲ್ಲ. "ಯಂತ್ರ ಲಾರಿ ಹತ್ತಿದ್ರೆ ನಾನು ಕಾಜಾಕ್ಕೆ" ಎಂದು ನಗುತ್ತಲೇ ಹೇಳುತ್ತಿದ್ದಳು, ಆದರೆ ದಿನಕ್ಕೆರಡು ಸಲ ಹೇಳುತ್ತಿದ್ದಳು.

ಆಯುಧಪೂಜೆಯ ಬೆಳಿಗ್ಗೆ ಅವಳು ಮೂವತ್ತೊಂದನೆಯ ಊರನ್ನು ಮುಗಿಸಿದಳು. ಎಲ್ಲ ಕಡತಗಳನ್ನೂ 'ತಾಯಿಮರ' ಎಂಬ ಹೊಸ ಡೈರೆಕ್ಟರಿಗೆ, ಅಂದರೆ ಕಡತಗಳ ಹೆಸರು ಬರೆದಿಡುವ ಕಪಾಟಿಗೆ, ಸಾಗಿಸಿದೆವು, ರಜೆ ಮುಗಿಸಿ ಬಂದು ಆರಿಸುವ ಕೆಲಸ ಶುರು ಮಾಡುವುದೆಂದು. ಎಣಿಕೆಯ ಹಾಳೆಗಳ ಟ್ರಂಕು ಹಿಂದಿನ ದಿನವೇ ತಪಾಸಣೆಗೆಂದು ತುಮಕೂರಿಗೆ ಹೋಗಿತ್ತು. ಫ್ಲಾಪಿಯಲ್ಲಿ ನಕಲು ಇದ್ದದ್ದು ಮೊದಲ ಐದಾರು ಊರುಗಳದ್ದು ಮಾತ್ರ, ಅದೂ ತಿದ್ದುಪಡಿಗೆ ಮುಂಚಿನದು.

ಪೂಜೆ ಮಾಡಿದವರು ನಮ್ಮ ಕಚೇರಿಯ ಎಣಿಕೆಯ ಅಣ್ಣ. ಮೂವರು ಎಣಿಕೆಯವರಲ್ಲಿ ಹಿರಿಯರು, ಸ್ವಂತ ತೋಟ ಇದ್ದವರು. ಲಾರಿಗೆ ಪೂಜೆ ಮಾಡುವಾಗ ಎಂಜಿನ್ ಚಾಲೂ ಇರಬೇಕು ಎನ್ನುವ ಹಾಗೆ, ಪರದೆಯೂ ಬೆಳಗುತ್ತಿರಬೇಕು ಎಂದರು ಸಾಹೇಬರು. ಅಣ್ಣ ಯಂತ್ರಕ್ಕೆ ಅರಿಶಿನ ಕುಂಕುಮ ಇಟ್ಟು, ಮಾಲೆ ಹಾಕಿ, ಕೀಲಿಮಣೆಯ ಮೇಲೊಂದು ನಿಂಬೆಹಣ್ಣು ಇಟ್ಟರು. ಹಣ್ಣಿನ ಭಾರಕ್ಕೆ ಯಾವುದೋ ಕೀಲಿ ಒತ್ತಿಕೊಂಡು ಪರದೆಯ ತುಂಬ ಒಂದೇ ಚಿಹ್ನೆ ಸಾಲುಗಟ್ಟಿ ಓಡತೊಡಗಿತು.

"ನೋಡ್ರಪ್ಪ, ಒಪ್ಪಿಗೆ ಕೊಡ್ತಾ ಐತೆ" ಎಂದರು ಅಣ್ಣ. ಸಾಹೇಬರೂ ಕೈ ಮುಗಿದರು.

ಮಂಗಳಾರತಿ ಆಯಿತು. ನಾವಿಬ್ಬರೂ ಕಡ್ಲೆಪುರಿ ಹಂಚಲು ಆ ಕಡೆ ತಿರುಗಿದ್ದೆವು. ಹಬ್ಬದ ದಿನ ಪೂಜೆಯಾದ ಮೇಲೆ ಪಂಪ್‌ಸೆಟ್ಟು ಓಡಿಸಬಾರದು, ಅದಕ್ಕೆ ಬಿಡುವು ಕೊಡಬೇಕು ಎಂಬುದು ನಮ್ಮ ಕಡೆಯ ಪದ್ಧತಿ. ಅಣ್ಣ ತಮ್ಮ ತೋಟದಲ್ಲಿ ಮಾಡುವಂತೆಯೇ ಭಕ್ತಿಯಿಂದ ಮೇನ್ ಸ್ವಿಚ್ಚಿನ ಹಿಡಿಯನ್ನು ಕೆಳಗೆ ಎಳೆದು, ಅದಕ್ಕೂ ಕುಂಕುಮ ಇಟ್ಟರು.

ಯುನಿಕ್ಸ್ ಯಂತ್ರ ಪಂಪ್‌ಸೆಟ್ಟಲ್ಲ. ನಾವು ಬರೆಸಿದ್ದನ್ನು ಅದು ಕೂಡಲೇ ಡಿಸ್ಕಿಗೆ ಬರೆಯುವುದಿಲ್ಲ, ಸ್ವಲ್ಪ ಹೊತ್ತು ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ಯಂತ್ರವನ್ನು ಆರಿಸುವ ಮುಂಚೆ ಸಿಂಕ್ ಎಂದು ಹೇಳಿ ಅದನ್ನೆಲ್ಲ ಬರೆಸಿ, ಶಟ್‌ಡೌನ್ ಎಂದು ಹೇಳಿ ನಿಲ್ಲಿಸಬೇಕು. ರಜೆ ಮುಗಿಸಿ ಮಂಗಳವಾರ ಬಂದು ಯಂತ್ರ ಹಾಕಿದರೆ ಅದು ಏಳಲಿಲ್ಲ. ಎಫ್‌ಎಸ್‌ಸಿಕೆ ಎಂಬ ತಪಾಸಣೆ ಶುರು ಮಾಡಿ, ಯಾವ ಡೈರೆಕ್ಟರಿಗೂ ಸೇರದ ಕಡತವೊಂದು ಸಿಕ್ಕಿದೆ, ಮತ್ತೆ ಸೇರಿಸಲೇ, ಹೌದೋ ಅಲ್ಲವೋ ಎಂದು ಇಂಗ್ಲಿಷಿನಲ್ಲಿ ಕೇಳಿ ನಿಂತಿತು.

"ಅಲ್ಲ ಅನ್ನಿ" ಎಂದರು ಸಾಹೇಬರು. "ಗೊತ್ತಿಲ್ಲದ್ದಕ್ಕೆಲ್ಲ ಹೂಂ ಅನ್ನಬಾರದು."

ಕೈಪಿಡಿಯ ಆ ಪುಟವನ್ನು ನಾವು ಒಂದು ಕರೆಂಟಿಲ್ಲದ ಮಧ್ಯಾಹ್ನ ಓದಿದ್ದೆವು. ಗೆಳತಿಯೇ ಪುಟ ತೆಗೆದು ಅವರ ಮುಂದೆ ಹಿಡಿದಳು. "ಅಲ್ಲ ಅಂದ್ರೆ, ಹಾಗಾದ್ರೆ ಅಳಿಸಲಾ ಅಂತ ಕೇಳುತ್ತೆ ಸಾರ್. ಇಲ್ಲಿ ಬರೆದಿದೆ." ಸಾಹೇಬರು ಕನ್ನಡಕ ಸರಿ ಮಾಡಿಕೊಂಡು ಓದಿದರು. "ಹಾಗಾದ್ರೆ ಹೌದು ಅನ್ನಿ, ನಿಧಾನವಾಗಿ" ಎಂದರು. ನಾನು y ಒತ್ತಿದೆ. ಮತ್ತೊಂದು ಬಂತು, ಮತ್ತೆ y. ಗೆಳತಿ ಮೆಲ್ಲಗೆ ಎಣಿಸುತ್ತಿದ್ದಳು. ಮೂವತ್ತೊಂದಕ್ಕೆ ಪ್ರಶ್ನೆಗಳು ನಿಂತಾಗ ಅವಳು ನನ್ನ ಭುಜ ಹಿಂಡಿದ ಹಿಂಡಿಗೆ ನನಗೆ ಕೂಗುವಂತಾಯಿತು.

'ತಾಯಿಮರ' ಡೈರೆಕ್ಟರಿ ಇರಲಿಲ್ಲ. ಕಡತಗಳೆಲ್ಲ ಲಾಸ್ಟ್ ಅಂಡ್ ಫೌಂಡ್ ಎಂಬ ಡೈರೆಕ್ಟರಿಯಲ್ಲಿ ಬಿದ್ದಿದ್ದವು, ಹೆಸರಿಲ್ಲದೆ. ಶೆಟ್ಟಿಕೆರೆ ಇಲ್ಲ, ದಬ್ಬೇಘಟ್ಟ ಇಲ್ಲ. 417, 422, 439, ಹೀಗೆ ಬರೀ ನಂಬರು. ಹೆಸರು ಡೈರೆಕ್ಟರಿಯಲ್ಲಿತ್ತು, ಅದು ಹೋಯಿತು. ಮರಗಳಿವೆ, ಯಾವ ಊರಿನವೋ ಗೊತ್ತಿಲ್ಲ. ಸರ್ವೆ ನಂಬರ್ ಹನ್ನೆರಡು ಪ್ರತಿ ಊರಿನಲ್ಲೂ ಇರುತ್ತದೆ. ತುಮಕೂರಿಗೆ ಟ್ರಂಕ್ ಕಾಲ್ ಮಾಡಿದರೆ, ಹಾಳೆಗಳು ತಪಾಸಣೆ ಮುಗಿಯದೆ ವಾಪಸ್ ಬರುವುದಿಲ್ಲ ಎಂದರು.

"ಹೋಯ್ತು ಬುಡಿ ಹಾಗಾದ್ರೆ" ಎಂದರು ಎಣಿಕೆಯ ಅಣ್ಣ ಬಾಗಿಲಲ್ಲಿ ನಿಂತು. ಅವರ ಮುಖ ಇಷ್ಟಾಗಿತ್ತು.

"ಏನೂ ಹೋಗಿಲ್ಲ ಅಣ್ಣಾ, ಬನ್ನಿ ಕೂತ್ಕೊಳ್ಳಿ" ಎಂದಳು ಗೆಳತಿ. "ನಾನು ಓದ್ತೀನಿ, ನೀವು ಊರು ಹೇಳಿ."

ಗುರುತು ಎಂಬ ಕಾಲಮ್ಮು ನನಗೆ ಹೊಳೆದದ್ದು ಆಗ. ಏನು ಮಾಡುವ ಮೊದಲೂ ಎಲ್ಲವನ್ನೂ ಇನ್ನೊಂದು ಡೈರೆಕ್ಟರಿಗೆ ನಕಲು ಮಾಡಿದೆವು. ಮೂಲವನ್ನು ಮುಟ್ಟುವುದಿಲ್ಲ, ಏನಿದ್ದರೂ ನಕಲಿನ ಮೇಲೆ. ಆಮೇಲೆ ಗ್ರೆಪ್. ಅದಕ್ಕೊಂದು ಪದ ಕೊಟ್ಟರೆ ಆ ಪದವಿರುವ ಸಾಲುಗಳನ್ನೆಲ್ಲ ಹೆಕ್ಕಿ ಕೊಡುತ್ತದೆ, -l ಸೇರಿಸಿದರೆ ಆ ಪದವಿರುವ ಕಡತದ ಹೆಸರನ್ನಷ್ಟೇ ಹೇಳುತ್ತದೆ. ನಾನು ಒತ್ತಿದೆ:

grep -l kottige *

ಮೂವತ್ತೊಂದು ಕಡತಗಳ ನಂಬರೂ ಪರದೆಯ ಮೇಲೆ ಬಂದವು.

"ಕೊಟ್ಟಿಗೆ ಇಲ್ದಿರೋ ಊರು ಯಾವ್ದೇ ಇರುತ್ತೆ?" ಎಂದಳು ಗೆಳತಿ. "ಒಳ್ಳೇ ಬುದ್ಧಿವಂತೆ. ಮುಂದೆ ತೆಂಗಿನಮರ ಅಂತ ಹುಡುಕು."

ಅಣ್ಣ ಅಂದಿನ ಮೊದಲ ನಗು ನಕ್ಕರು. "ರೈಲು ಹುಡುಕವ್ವ" ಎಂದರು. grep -l rail * ಎಂದಾಗ ಎರಡೇ ನಂಬರು ಬಂದವು. ಮೊದಲನೆಯದನ್ನು ತೆರೆದು ಗೆಳತಿ ಓದಿದಳು: "ರೈಲು ಹಳಿ ಆಚೆ. ಗೇಟು ಪಕ್ಕ. ಗೇಟ್‌ಮ್ಯಾನ್ ಮನೆ ಹಿಂದೆ."

"ಅದಾ? ಅದು ನಾನೇ ಎಣ್ಸಿದ್ದು ಕಣವ್ವ. ಆ ಗೇಟ್‌ಮ್ಯಾನು ನಂಗೆ ಟೀ ಕೊಟ್ಟಿದ್ದ" ಎಂದು ಊರಿನ ಹೆಸರು ಹೇಳಿದರು. ಒಂದು ಊರು ಸಿಕ್ಕಿತು.

ಎಲ್ಲ ಕಡೆ ಇರುವ ಪದ ಏನನ್ನೂ ಹೇಳುವುದಿಲ್ಲ, ಎಲ್ಲೋ ಒಂದು ಕಡೆ ಇರುವ ಪದವೇ ಊರನ್ನು ಹೇಳುತ್ತದೆ ಎಂಬುದು ಅರ್ಥವಾದ ಮೇಲೆ, ಅಂಥ ಪದಗಳನ್ನು ಯಂತ್ರದಿಂದಲೇ ಹುಡುಕಿಸಿದರೆ ಹೇಗೆ ಎಂದು ನಾವಿಬ್ಬರೂ ಒಟ್ಟಿಗೇ ಯೋಚಿಸಿದೆವು. ಅವಳು ಅರ್ಧ ಹೇಳಿದಳು, ನಾನು ಅರ್ಧ ಒತ್ತಿದೆ:

cut -f6 417 | sort | uniq -c | sort -n

ಕಟ್ ಎಂಬುದು ಕಡತದ ಆರನೆಯ ಕಾಲಮ್ಮನ್ನು, ಅಂದರೆ ಗುರುತನ್ನು ಮಾತ್ರ ಕತ್ತರಿಸಿ ಕೊಡುತ್ತದೆ. ಸಾರ್ಟ್ ಒಂದೇ ಥರದವನ್ನು ಒಟ್ಟಿಗೆ ತರುತ್ತದೆ. ಯುನಿಕ್ ಅವುಗಳನ್ನು ಒಂದೊಂದೇ ಸಾಲಾಗಿ ಮಡಚಿ, ಎಷ್ಟು ಸಲ ಬಂದಿತ್ತೆಂದು ಮುಂದೆ ಬರೆಯುತ್ತದೆ. ಕೊನೆಯ ಸಾರ್ಟ್ ಕಡಿಮೆ ಸಲ ಬಂದದ್ದನ್ನು ಮೇಲಕ್ಕೆ ತರುತ್ತದೆ. ನಾನು ಡೈರಿಯಲ್ಲಿ ಗೀಟು ಹಾಕಿ ಮಾಡುತ್ತಿದ್ದ ಕೆಲಸವನ್ನೇ ನಾಲ್ಕು ಪದಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡಿ ಮುಗಿಸಿದವು. ಕೊಟ್ಟಿಗೆ, ಬಾವಿ, ಹಿತ್ತಲು ಕೆಳಗೆ ಹೋದವು. ಮೇಲೆ ಒಂದೊಂದೇ ಸಲ ಬಂದ ಗುರುತುಗಳು ತೇಲಿದವು: ಸುಣ್ಣದ ಗೂಡಿನ ಪಕ್ಕ, ಅಂಚೆ ಡಬ್ಬದ ಎದುರು, ಮುರಿದ ಏತದ ಹತ್ತಿರ.

"ಸುಣ್ಣದ ಗೂಡು ಅಂದ್ರೆ ಶೆಟ್ಟಿಕೆರೆ ಕಡೇದು" ಎಂದೆ ನಾನು. ದಿನವೂ ಬಸ್ಸಿನ ಕಿಟಕಿಯಿಂದ ನೋಡುವ ಗೂಡು ಅದು.

"ಹೌದ್ಲಾ" ಎಂದರು ಅಣ್ಣ, ನಾನು ಹುಡುಗಿ ಎಂಬುದನ್ನೇ ಮರೆತು.

ಅಂದು ಮಧ್ಯಾಹ್ನ ಎರಡಕ್ಕೆ ಕರೆಂಟು ಹೋಗುವುದರೊಳಗೆ ಹನ್ನೊಂದು ಊರು ಸಿಕ್ಕಿದವು, ಫ್ಲಾಪಿಯ ಹಳೆಯ ನಕಲಿಗೆ ಹೋಲಿಸಿ ಗುರುತಿಸಿದ ಐದಾರೂ ಸೇರಿ. ಬುಧವಾರ ಉಳಿದ ಇಬ್ಬರು ಎಣಿಕೆಯವರನ್ನೂ ಕರೆಸಿ ಕೂರಿಸಿಕೊಂಡೆವು. ಗೆಳತಿ ಗುರುತುಗಳನ್ನು ರಾಗವಾಗಿ ಓದುವುದು, ಅವರು ನಾನು ತಾನು ಎಂದು ಊರಿನ ಹೆಸರು ಕೂಗುವುದು. ಕೆಳಗಿನ ಮಂಡಿಯಲ್ಲಿ ಕೊಬ್ಬರಿ ತುಂಬುತ್ತಿದ್ದವರು, ಮೇಲೇನು ಹರಾಜು ನಡೆಯುತ್ತಿದೆಯಾ ಎಂದು ಬಂದು ಇಣುಕಿ ಹೋದರು. ಸಾಹೇಬರು ಮೊದಮೊದಲು ದೂರ ಕೂತಿದ್ದರು. ಒಂದು ಹೊತ್ತಿನಲ್ಲಿ ತಾವೇ ಕುರ್ಚಿ ಎಳೆದುಕೊಂಡು ಬಂದು, "ಆ ಬಾಗಿದ ಮರದ್ದು ಇನ್ನೊಂದ್ಸಲ ಓದಿ" ಎಂದರು. ಅವರು ಹೇಳಿದ ಊರು ತಪ್ಪಾಗಿತ್ತು, ಆದರೂ ಹೇಳಿದರು.

ಗುರುವಾರ ಬೆಳಿಗ್ಗೆ ಮೂವತ್ತೊಂದಕ್ಕೂ ಊರು ಸಿಕ್ಕಿತ್ತು. ನಂಬರು ತೆಗೆದು ಹೆಸರು ಇಡುವ mv ಕಮಾಂಡುಗಳನ್ನು ಸಾಲಾಗಿ ಒಂದು ಕಡತದಲ್ಲಿ ಬರೆದೆವು. ಓಡಿಸಿಬಿಡೋಣ ಎಂದು ನಾನು ಬೆರಳು ಎತ್ತಿದೆ.

"ತಡಿಯೇ" ಎಂದಳು ಗೆಳತಿ. "ನಮ್ಮಪ್ಪ ಕತ್ತರಿ ಹಾಕೋಕೆ ಮುಂಚೆ ಬಟ್ಟೆ ಮೇಲೆ ಬಳಪದಲ್ಲಿ ಗೀಟು ಹಾಕ್ತಾರೆ. ನಾವೂ ಹಾಕಣ."

ಬಳಪದ ಗೀಟು ಎಂದರೆ ಎಕೋ. ಯಾವ ಕಮಾಂಡಿನ ಮುಂದಾದರೂ echo ಎಂದು ಬರೆದರೆ, ಯಂತ್ರ ಆ ಕೆಲಸ ಮಾಡದೆ, ಏನು ಮಾಡಲಿತ್ತು ಎಂಬುದನ್ನು ಪರದೆಯ ಮೇಲೆ ಹೇಳಿ ಸುಮ್ಮನಾಗುತ್ತದೆ. ಪ್ರತಿ ಸಾಲಿನ ಮುಂದೂ ಎಕೋ ಸೇರಿಸಿದೆವು. ಬಂದ ಸಾಲುಗಳಿಂದ ಊರಿನ ಹೆಸರಷ್ಟೇ ತೆಗೆದು, ಸಾರ್ಟ್ ಮಾಡಿ, uniq -d ಗೆ ಕೊಟ್ಟೆವು. ಅದು ಎರಡೆರಡು ಸಲ ಬಂದದ್ದನ್ನು ಮಾತ್ರ ತೋರಿಸುತ್ತದೆ. ಏನೂ ಬರಬಾರದಿತ್ತು. ಒಂದು ಹೆಸರು ಬಂತು: ದಬ್ಬೇಘಟ್ಟ.

ಬುಧವಾರ ಬಂದ ಇಬ್ಬರು ಎಣಿಕೆಯವರು ಎರಡು ಬೇರೆ ಬೇರೆ ಕಡತಗಳಿಗೆ ದಬ್ಬೇಘಟ್ಟ ಎಂದಿದ್ದರು. ಹಾಗೇ ಓಡಿಸಿದ್ದರೆ ಎರಡನೆಯದು ಮೊದಲನೆಯದರ ಮೇಲೆ ಕೂತು ಒಂದು ಊರಿನ ಮರಗಳೆಲ್ಲ ನಕಲಿನಿಂದ ಅಳಿಸಿಹೋಗುತ್ತಿದ್ದವು. ಎರಡರಲ್ಲೂ ಕಾಲುವೆ ಇತ್ತು, ಎರಡರಲ್ಲೂ ಗದ್ದೆ ಬದು ಇತ್ತು. ಯಾವ ಕಡತಕ್ಕೂ ಹೆಸರು ಬಾರದೆ ಉಳಿದದ್ದು ಪಕ್ಕದ ಊರೊಂದೇ, ಹಾಗಾಗಿ ಒಂದು ದಬ್ಬೇಘಟ್ಟದ್ದು, ಇನ್ನೊಂದು ಆ ಪಕ್ಕದ ಊರಿನದು. ಯಾವುದು ಯಾವುದು? ಎಣಿಕೆಯವರಿಬ್ಬರೂ ಜಗಳಕ್ಕೆ ನಿಂತರು.

"ನೀನು ಅಲ್ಲಿ ಎಣ್ಸಿದ್ದು ಎರಡೇ ದಿನ. ಉಳಿದಿದ್ದು ನೆಂಟರ ಮನೇಲಿ ಉಂಡಿದ್ದು."

"ಉಂಡ್ರೂ ಎಣಿಸ್ಕಂಡೇ ಉಂಡೆ ಕಣ್ಲಾ."

ಎರಡೂ ಕಡತಗಳ ಗುರುತುಗಳನ್ನು ಪಕ್ಕಪಕ್ಕದಲ್ಲಿ ಅಚ್ಚು ಹಾಕಿಸಿದೆವು. ಒಂದರಲ್ಲಿ ಮಾತ್ರ 'ಪಂಪ್‌ಹೌಸ್ ಪಕ್ಕ' ಇತ್ತು, ಇನ್ನೊಂದರಲ್ಲಿ ಮಾತ್ರ 'ತೂಬಿನ ಹತ್ತಿರ'. ಎಣಿಕೆಯ ಅಣ್ಣ ಆ ಹಾಳೆ ಮಡಚಿ ಜೇಬಿಗಿಟ್ಟುಕೊಂಡರು. "ನಾನೇ ನೋಡ್ಕೊಂಡು ಬತ್ತೀನಿ. ಸ್ವಿಚ್ ಎಳ್ದೋನು ನಾನು" ಎಂದು ಬಸ್‌ಸ್ಟ್ಯಾಂಡಿನ ಕಡೆ ಹೊರಟರು.

ಉಳಿದ ಮಧ್ಯಾಹ್ನ ಗೆಳತಿ ಮೇಜಿನ ಧೂಳು ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಅಪ್ಪ ಹೊಸದೊಂದು ಅಂಗಿಗಳ ಗಂಟು ತಂದಿದ್ದಾರೆ, ಬಿಚ್ಚಿಲ್ಲ, ನನ್ನ ಮುಖ ನೋಡ್ತಾರೆ ಎಂದಳು. ನಾನು ಪಟ್ಟಿ ಆರಿಸುವ ಕಮಾಂಡನ್ನು ಬರೆದು, ಎಕೋ ಹಾಕಿ, ತಿದ್ದಿ, ಮತ್ತೆ ಬರೆದೆ. ನನಗೂ ಬೇರೆ ಕೆಲಸ ತೋಚಲಿಲ್ಲ.

ಶುಕ್ರವಾರ ಬೆಳಿಗ್ಗೆ ನಾನು ಬಸ್ಸಿಳಿದು ಓಡುತ್ತಾ ಮೆಟ್ಟಿಲು ಹತ್ತಿದರೆ ಅಣ್ಣ ಆಗಲೇ ಕೂತಿದ್ದರು. ಪಂಚೆಯ ಅಂಚು ಕೆಸರಾಗಿತ್ತು.

"ತೂಬು ದಬ್ಬೇಘಟ್ಟದ್ದು. ಪಂಪ್‌ಹೌಸು ಪಕ್ಕದೂರಿಂದು. ಮರ ಮುಟ್ಟಿ ನೋಡ್ಕೊಂಡು ಬಂದೀನಿ. ಕಾಲುವೆ ಬಂದ್ಮ್ಯಾಲೆ ಎರಡೂರೂ ಒಂದೇ ಥರ ಆಗವೆ, ಅವನ ತಪ್ಪಿಲ್ಲ ಬುಡಿ."

ಒಂದು ಸಾಲು ತಿದ್ದಿದೆವು. ಮತ್ತೊಮ್ಮೆ ಎಕೋ, ಮತ್ತೊಮ್ಮೆ uniq -d. ಈ ಸಲ ಪರದೆ ಏನೂ ಹೇಳಲಿಲ್ಲ. ಯುನಿಕ್ಸಿನಲ್ಲಿ ಎಲ್ಲ ಸರಿಯಿದ್ದರೆ ಮೌನವೇ ಉತ್ತರ. ಎಕೋ ತೆಗೆದು, ಗೆಳತಿಯೇ ಎಂಟರ್ ಒತ್ತಿದಳು. ls ಎಂದಾಗ ನಂಬರುಗಳೆಲ್ಲ ಊರುಗಳಾಗಿ ಸಾಲಾಗಿ ನಿಂತಿದ್ದವು. ನನ್ನ ಊರೂ ಅದರಲ್ಲಿತ್ತು. ಸಾರ್ಟ್ ಓಡಿತು, ಪ್ರಿಂಟರು ಕಿರುಚಲು ಶುರು ಮಾಡಿತು. ಕೆಳಗೆ ಜೀಪು ಹಾರನ್ ಹೊಡೆಯುತ್ತಿತ್ತು. ಉದ್ದನೆಯ ಕಾಗದ ಮೇಜಿನಿಂದ ಇಳಿದು ನೆಲದ ಮೇಲೆ ಮಡಿಕೆ ಮಡಿಕೆಯಾಗಿ ಬೀಳುವುದನ್ನು ನಾವೆಲ್ಲ ಸುತ್ತ ನಿಂತು ನೋಡಿದೆವು. ಪ್ರತಿ ಮರದ ಮುಂದೆ ಗುರುತೂ ಇತ್ತು. ಬಣ್ಣದ ಡಬ್ಬ ಹಿಡಿದಿದ್ದವನೊಬ್ಬ ಮೇಲೆ ಬಂದು ಪಟ್ಟಿ ನೋಡಿ, "ಓ, ಬಾವಿ ಮೂಲೆ ಅಂತಾನೇ ಬರೆದವ್ರೆ. ಹಿಂಗಿದ್ರೆ ಯಾರನ್ನೂ ಕೇಳಂಗೇ ಇಲ್ಲ" ಎಂದ.

ಸಾಹೇಬರು ಪಟ್ಟಿಗೆ ಸಹಿ ಹಾಕಿ ಕೊಟ್ಟರು. ಜೀಪು ಹೋದ ಮೇಲೆ ತಮ್ಮ ಬೀರು ತೆಗೆದು, ದಾರ ಕಟ್ಟಿದ ಹಾಳೆಗಳ ಹೊಸ ಕಟ್ಟೊಂದನ್ನು ತಂದು ಗೆಳತಿಯ ಮೇಜಿನ ಮೇಲೆ ಇಟ್ಟರು.

"ತುರುವೇಕೆರೆ ಕಡೆ ಉಳಿದ ಊರುಗಳದ್ದು. ಸೋಮವಾರದಿಂದ ಶುರು ಮಾಡಮ್ಮ" ಎಂದರು. ಕಟ್ಟನ್ನು ಅವಳ ಕಡೆ ಸರಿಸಿ, "ಗುರುತು ಸಮೇತ" ಎಂದರು. ಯಂತ್ರ ಇಲ್ಲೇ ಇರುತ್ತದೆ, ಬೆಳಿಗ್ಗೆಯೇ ಫೋನಿನಲ್ಲಿ ಮಾತಾಡಿದ್ದೇನೆ ಎಂದು ಆಮೇಲೆ ಸೇರಿಸಿದರು.

ಗೆಳತಿ ದಾರ ಬಿಚ್ಚಿ ಮೊದಲ ಹಾಳೆ ತಿರುವಿದಳು. ಕುಣಿಯುತ್ತಾಳೆ ಎಂದುಕೊಂಡಿದ್ದೆ, ಕುಣಿಯಲಿಲ್ಲ.

"ಸಾರ್, ಹಾಗಾದ್ರೆ ನಂಗೆ ಬೆನ್ನಿರೋ ಕುರ್ಚಿ ಬೇಕು" ಎಂದಳು. "ಇಷ್ಟು ದಿನ ಹೋಗೋಳು ಅಂತ ಸ್ಟೂಲ್ ಮೇಲೆ ಕೂತಿದ್ದೆ."

ಸಾಹೇಬರು ಅಣ್ಣನ ಮುಖ ನೋಡಿದರು. ಅಣ್ಣ ಕೆಳಗಿನ ಮಂಡಿಗೆ ಇಳಿದು ಹೋಗಿ, ಯಾರನ್ನು ಕೇಳಿದರೋ ಏನೋ, ಕೊಬ್ಬರಿ ವಾಸನೆಯ ಒಂದು ಮರದ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ತಂದರು. ಅವಳು ಅದರ ಧೂಳು ಒರೆಸಿ, ಕೂತು, ಬೆನ್ನು ಒರಗಿಸಿ ನೋಡಿದಳು. ಸೋಮವಾರದವರೆಗೆ ಕಾಯಲಿಲ್ಲ. ಕರೆಂಟು ಇನ್ನೂ ಇತ್ತು.